ಖಾಲಿ ಚಾನೆಲ್‌ಗಳು ಏಕೆ ಖಾಲಿಯಾಗಿಯೇ ಉಳಿದವು?

ಹಳೆಯ ಟಿವಿ ಸೆಟ್ಟಿನ ಗುಂಡಿ ತಿರುಗಿಸಿದವರಿಗೆ ನೆನಪಿರಬಹುದು: ಒಂದೆರಡು ಚಾನೆಲ್‌ಗಳಲ್ಲಿ ಚಿತ್ರ, ಉಳಿದವುಗಳಲ್ಲೆಲ್ಲ ಬರೀ ಚುಕ್ಕಿಗಳು. ಹೀಗೆ ಜಾಗ ಖಾಲಿ ಉಳಿಯಲು ಕಾರಣವಿದೆ. ಹತ್ತಿರದ ಎರಡು ನಗರಗಳು ಒಂದೇ ಚಾನೆಲ್‌ನಲ್ಲಿ ಪ್ರಸಾರ ಮಾಡಿದರೆ ನಡುವಿನ ಊರುಗಳಲ್ಲಿ ಎರಡೂ ಕೆಡುತ್ತವೆ. ಆದ್ದರಿಂದ ಒಂದು ನಗರ ಬಳಸುವ ಚಾನೆಲನ್ನು ಅದರ ಸುತ್ತಲಿನ ನಗರಗಳು ಬಿಟ್ಟುಬಿಡಬೇಕು. ಹೀಗೆ ಬಿಟ್ಟ ಜಾಗಕ್ಕೆ ‘ವೈಟ್ ಸ್ಪೇಸ್’ ಎಂದು ಹೆಸರು.

2008ರ ನವೆಂಬರ್ 4ರಂದು ಅಮೆರಿಕದ ಫೆಡರಲ್ ಸಂಪರ್ಕ ಆಯೋಗ (ಎಫ್‌ಸಿಸಿ) ಈ ಜಾಗವನ್ನು ಲೈಸೆನ್ಸ್ ಬೇಕಿಲ್ಲದ ನಿಸ್ತಂತು ಸಾಧನಗಳಿಗೆ ತೆರೆಯಿತು. ಟಿವಿ ತರಂಗಗಳು ವೈಫೈ ತರಂಗಗಳಿಗಿಂತ ಉದ್ದನೆಯವು. ಗೋಡೆ, ಮರಗಳ ತೋಪು ದಾಟಿ ದೂರ ಸಾಗಬಲ್ಲವು. ಹಳ್ಳಿಗೆ ಅಂತರಜಾಲ ಒಯ್ಯಲು ಇದೇ ದಾರಿ ಎಂದು ಬೆಂಬಲಿಗರು ನಂಬಿದ್ದರು. ಆದರೆ ಇಂದು ನಿಮ್ಮ ಮೊಬೈಲನ್ನೋ ಮನೆಯ ರೌಟರನ್ನೋ ಬಿಚ್ಚಿ ನೋಡಿದರೆ ಅಂಥ ಚಿಪ್ ಸಿಗುವುದಿಲ್ಲ. ತಂತ್ರಜ್ಞಾನ ಸೋತಿತು ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಅದು ಅರ್ಧಸತ್ಯ.

ಮೊದಲು ಆ ಅರ್ಧವನ್ನು ನೋಡೋಣ. 2008ರ ನಿಯಮದಂತೆ ಸಾಧನವು ಚಾನೆಲ್ ಖಾಲಿ ಇದೆಯೇ ಎಂದು ತಾನೇ ಆಲಿಸಿ ತಿಳಿಯಬೇಕಿತ್ತು. ನಿಮ್ಮ ಮನೆಯ ಟಿವಿ ಆಂಟೆನಾ ಮಾಳಿಗೆಯ ಮೇಲಿದೆ, ಹೊಸ ಸಾಧನ ನೆಲಮಹಡಿಯ ಕೋಣೆಯಲ್ಲಿದೆ ಎಂದುಕೊಳ್ಳಿ. ಆಂಟೆನಾಕ್ಕೆ ಸಂಕೇತ ಚೆನ್ನಾಗಿಯೇ ತಲುಪುತ್ತದೆ; ಗೋಡೆಗಳ ಮರೆಯಲ್ಲಿರುವ ಸಾಧನಕ್ಕೆ ಏನೂ ಕೇಳುವುದಿಲ್ಲ. ಅದು ಚಾನೆಲ್ ಖಾಲಿ ಎಂದು ಬಗೆದು ಮಾತಾಡಲು ತೊಡಗಿದರೆ ನಿಮ್ಮ ಟಿವಿಯ ಚಿತ್ರ ಹಾಳು. ಇದನ್ನು ತಡೆಯಲು ಆಯೋಗ ಇಟ್ಟ ಮಿತಿ ಮೈನಸ್ 114 ಡಿಬಿಎಂ, ಎಂದರೆ ಟಿವಿಗೆ ಚಿತ್ರ ಮೂಡಿಸಲು ಬೇಕಾದ ಕನಿಷ್ಠ ಸಂಕೇತಕ್ಕಿಂತ ಸುಮಾರು ಸಾವಿರ ಪಟ್ಟು ದುರ್ಬಲವಾದದ್ದನ್ನೂ ಸಾಧನ ಗುರುತಿಸಬೇಕು. ಅಷ್ಟು ಸೂಕ್ಷ್ಮವಾದ ಕಿವಿಗೆ ಖಾಲಿ ಚಾನೆಲ್ ಕೂಡ ತುಂಬಿದಂತೆ ಕೇಳುತ್ತದೆ. ಜೊತೆಗೆ ಸಾಧನದ ಬೆಲೆಯೂ ಏರುತ್ತದೆ.

ಆಯೋಗ 2010ರಲ್ಲಿ ತಿದ್ದಿಕೊಂಡಿತು. ಸಾಧನ ತಾನಿರುವ ಸ್ಥಳವನ್ನು ಒಂದು ದತ್ತಸಂಚಯಕ್ಕೆ ತಿಳಿಸಿ, ಅಲ್ಲಿ ಯಾವ ಚಾನೆಲ್ ಬಿಡುವಾಗಿದೆ ಎಂದು ಕೇಳಿಕೊಂಡರೆ ಸಾಕು. ಇದು ನಿಜಕ್ಕೂ ಒಳ್ಳೆಯ ತೀರ್ಮಾನ. ಟಿವಿ ಗೋಪುರಗಳೇನು ಓಡಾಡುವುದಿಲ್ಲವಲ್ಲ! ಆದರೆ ಸ್ಥಿರ ಸಾಧನಗಳ ಸ್ಥಳವನ್ನು ಅಳವಡಿಸುವವರೇ ಕೈಯಿಂದ ನಮೂದಿಸಲು ಅವಕಾಶವಿತ್ತು. ತಪ್ಪು ನಮೂದುಗಳ ಬಗ್ಗೆ ಪ್ರಸಾರಕರು 2015ರಲ್ಲಿ ದೂರಿತ್ತರು. ಆ ಅವಕಾಶವನ್ನು ಕಿತ್ತುಹಾಕಿದ್ದು 2019ರಲ್ಲಿ. ಇಷ್ಟು ಸಣ್ಣ ರಂಧ್ರ ಮುಚ್ಚಲು ಅಷ್ಟು ವರ್ಷ ಬೇಕಿತ್ತೇ?

ನಿಜವಾದ ದೋಷ ಬೇರೆಡೆ ಇದೆ. ಯಾವ ಚಾನೆಲ್ ಎಷ್ಟು ವರ್ಷ ಖಾಲಿ ಇರುತ್ತದೆ ಎಂದು ನಿಯಮ ಎಲ್ಲೂ ಹೇಳಲಿಲ್ಲ. ವೈಫೈ ಜೊತೆ ಹೋಲಿಸಿ ನೋಡಿ. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಅಮೆರಿಕ 1985ರಲ್ಲಿ ಇಂಥ ಸಂಪರ್ಕ ಸಾಧನಗಳಿಗೆ ತೆರೆಯಿತು, ಭಾರತ 2005ರಲ್ಲಿ ಲೈಸೆನ್ಸ್‌ಮುಕ್ತಗೊಳಿಸಿತು. ಬಾಸ್ಟನ್‌ನಲ್ಲೂ ಬೆಂಗಳೂರಿನಲ್ಲೂ ಒಂದೇ ಪಟ್ಟಿ ಇದ್ದುದರಿಂದ ಚಿಪ್ ಕೋಟಿಗಟ್ಟಲೆ ತಯಾರಾಯಿತು, ಅಗ್ಗವಾಯಿತು. ವೈಟ್ ಸ್ಪೇಸ್ ಊರಿಂದ ಊರಿಗೆ ಬೇರೆ, ಇಂದು ಇದ್ದದ್ದು ನಾಳೆ ಇಲ್ಲ. 2017ರಲ್ಲಿ ಮುಗಿದ ಹರಾಜಿನಲ್ಲಿ ಎಫ್‌ಸಿಸಿ ಟಿವಿ ಪಟ್ಟಿಯಿಂದ 84 ಮೆಗಾಹರ್ಟ್ಸ್ ಹಿಂಪಡೆಯಿತು. ಅದರಲ್ಲಿ 70 ಮೆಗಾಹರ್ಟ್ಸ್ ಸುಮಾರು 1,980 ಕೋಟಿ ಡಾಲರಿಗೆ ಮಾರಾಟವಾಯಿತು. ಟಿವಿ ಕೇಂದ್ರಗಳೆಲ್ಲ ಉಳಿದ ಚಾನೆಲ್‌ಗಳಿಗೆ ಸರಿದವು. ನಗರಗಳಲ್ಲಿ ಬಿಡುವಿನ ಜಾಗ ಇನ್ನಷ್ಟು ಕುಗ್ಗಿತು. ಹಳ್ಳಿಗಳಲ್ಲಿ ಜಾಗ ಉಳಿಯಿತು ನಿಜ, ಆದರೆ ಹಳ್ಳಿಯ ಮಾರುಕಟ್ಟೆಯೊಂದನ್ನೇ ನಂಬಿ ಚಿಪ್ ಕಾರ್ಖಾನೆ ತೆರೆಯುವವರು ಯಾರು? ಪ್ರತಿ ಪ್ರದೇಶದಲ್ಲಿ ಒಂದು ಚಾನೆಲ್ ಕಾಯ್ದಿರಿಸುವ ಪ್ರಸ್ತಾವವನ್ನು 2015ರಲ್ಲಿ ಆಯೋಗವೇ ಮುಂದಿಟ್ಟಿತ್ತು; ಅದು ನಿಯಮವಾಗಲಿಲ್ಲ. 2017ರಲ್ಲಿ ಮೈಕ್ರೋಸಾಫ್ಟ್ ಕನಿಷ್ಠ ಮೂರು ಚಾನೆಲ್ ಕೇಳಿತು.

ಪ್ರಸಾರಕರ ಆತಂಕ ಪೂರ್ತಿ ಸುಳ್ಳಾಗಿರಲಿಲ್ಲ ಎನ್ನಬೇಕು. ರಂಗಮಂದಿರಗಳ ನಿಸ್ತಂತು ಮೈಕುಗಳೂ ಇದೇ ಖಾಲಿ ಜಾಗದಲ್ಲಿದ್ದವು. ಗಾಯಕಿ ಡಾಲಿ ಪಾರ್ಟನ್ 2008ರಲ್ಲಿ ಆಯೋಗಕ್ಕೆ ವಿರೋಧದ ಪತ್ರ ಬರೆದಿದ್ದರು. ತಮಾಷೆಯೆಂದರೆ ಆ ಮೈಕುಗಳಲ್ಲಿ ಬಹುಪಾಲಿಗೆ ಲೈಸೆನ್ಸೇ ಇರಲಿಲ್ಲ.

ನಮ್ಮಲ್ಲಿ ತೊಡಕು ಇನ್ನೂ ಕಡಿಮೆ. ಭೂಸ್ಥ ಟಿವಿ ಪ್ರಸಾರಕ್ಕೆ ಇದ್ದದ್ದು ದೂರದರ್ಶನವೊಂದೇ. 470ರಿಂದ 590 ಮೆಗಾಹರ್ಟ್ಸ್‌ವರೆಗಿನ 120 ಮೆಗಾಹರ್ಟ್ಸ್‌ನಲ್ಲಿ ದೇಶದ ಬಹುತೇಕ ಕಡೆ 100ಕ್ಕೂ ಹೆಚ್ಚು ಬಳಕೆಯಾಗುತ್ತಿಲ್ಲವೆಂದು ಮುಂಬಯಿ ಐಐಟಿಯ ತಂಡ 2014ರಲ್ಲಿ ಲೆಕ್ಕ ಹಾಕಿತು. ಆಮೇಲೆ ದೂರದರ್ಶನ ತನ್ನ ಅನಲಾಗ್ ಪ್ರಸಾರ ಕೇಂದ್ರಗಳಲ್ಲಿ ಹೆಚ್ಚಿನವನ್ನು ಮುಚ್ಚಿದೆ. ಅಂದರೆ ಕಾಪಾಡಬೇಕಾದ ನೆರೆಯವನೇ ಹೆಚ್ಚುಕಡಿಮೆ ಮನೆ ಖಾಲಿ ಮಾಡಿದ್ದಾನೆ. ಇದಕ್ಕೆ ತಾಗಿಕೊಂಡಿರುವ 600 ಮೆಗಾಹರ್ಟ್ಸ್ ಪಟ್ಟಿಯನ್ನು 2022ರಲ್ಲಿ ಹರಾಜಿಗಿಟ್ಟಾಗ ಒಬ್ಬರೂ ಕೂಗಲಿಲ್ಲ. ಅದೇ ಐಐಟಿಯವರು ಮಹಾರಾಷ್ಟ್ರದ ಪಾಲ್ಘರ್‌ನ ಹಳ್ಳಿಗಳಿಗೆ ಇಂಥ ಚಾನೆಲ್‌ಗಳ ಮೂಲಕ ಅಂತರಜಾಲ ಒಯ್ದು ತೋರಿಸಿದ್ದಾರೆ. ಆದರೆ ಅದು ಪ್ರಯೋಗಕ್ಕೆಂದು ಪಡೆದ ಲೈಸೆನ್ಸಿನಲ್ಲಿ ನಡೆದ ಕೆಲಸ. ನಿಮ್ಮ ಊರಿನ ಪಂಚಾಯಿತಿ ಅಂಥದೇ ಒಂದು ಆಂಟೆನಾ ನಿಲ್ಲಿಸಲು ಹೊರಟರೆ ಅದಕ್ಕೆ ವೈಫೈಗಿರುವಂಥ ಲೈಸೆನ್ಸ್‌ಮುಕ್ತ ಪಟ್ಟಿ ಇಲ್ಲ.