ಪ್ರಾಸ ಬಿಡದ ಬಂಡಾಯಗಾರರು

ಈ ವಾರ ಬಂಗಾಳಿ ಕವಿ ಕಾಜಿ ನಜ್ರುಲ್ ಇಸ್ಲಾಂ ಎಂದು ಮೊದಲೇ ಹೇಳಿದ್ದೆ. ಅವರ ಸೈನ್ಯದ ದಿನಗಳು, ಸೆರೆವಾಸ, 1942ರಲ್ಲಿ ಮಾತನ್ನೇ ಕಸಿದುಕೊಂಡ ಕಾಯಿಲೆ ಈ ಅಂಕಣದ ಓದುಗರಿಗೆ ಗೊತ್ತಿದ್ದದ್ದೇ. ನನಗೆ ಹೇಳಬೇಕಾಗಿರುವುದು ಅವರ ಲಯದ ಬಗ್ಗೆ.

1921ರ ಡಿಸೆಂಬರ್. ಕೋಲ್ಕತ್ತಾದ ತಾಲ್ತಲಾ ಗಲ್ಲಿಯ ಬಾಡಿಗೆ ಮನೆಯಲ್ಲಿ 22ರ ತರುಣ ಒಂದೇ ರಾತ್ರಿಯಲ್ಲಿ ‘ಬಿದ್ರೋಹಿ’ ಬರೆದ. ಬೆಳಗಾಗುತ್ತಲೇ ಅದನ್ನು ಮೊದಲು ಕೇಳಿದವರು ಜೊತೆಗಿದ್ದ ಮುಜಫರ್ ಅಹ್ಮದ್. ಬರೆದದ್ದು ಪೆನ್ಸಿಲಿನಲ್ಲಿ. ಲೇಖನಿಯನ್ನು ಮತ್ತೆ ಮತ್ತೆ ಮಸಿಗೆ ಅದ್ದುತ್ತ ಕೂತರೆ ಮನಸ್ಸಿನ ವೇಗಕ್ಕೆ ಕೈ ಸಾಲದು ಎಂದೇ ಪೆನ್ಸಿಲು ಹಿಡಿದಿರಬೇಕು ಎಂದು ಅಹ್ಮದ್ ನೆನಪಿಸಿಕೊಂಡಿದ್ದಾರೆ.

ಅಷ್ಟು ವೇಗದಲ್ಲೂ ಪದ್ಯ ಹಳಿ ತಪ್ಪಲಿಲ್ಲ. ಸಾಲುಗಳು ಉದ್ದಗಿಡ್ಡವಾಗುತ್ತವೆ, ಆರು ಮಾತ್ರೆಯ ನಡೆ ಮಾತ್ರ ಕೆಡುವುದಿಲ್ಲ, ಅಂತ್ಯಪ್ರಾಸವೂ ಕೈಬಿಡುವುದಿಲ್ಲ. ಪರಶುರಾಮನ ಕೊಡಲಿ, ಬಲರಾಮನ ನೇಗಿಲು, ಇಸ್ರಾಫೀಲನ ಕಹಳೆ ಎಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ರಾತ್ರಿಯಿಡೀ ಆಟ ನೋಡಿ ಬೆಳೆದ ನಮ್ಮ ಹೊನ್ನಾವರ, ಕುಮಟೆಯ ಕಡೆಯವರಿಗೆ ಇದರ ಗುಟ್ಟು ಹೇಳಿಕೊಡಬೇಕಿಲ್ಲ: ವೀರವೇಷ ರಂಗಕ್ಕೆ ನುಗ್ಗಿ ತನ್ನ ಪರಾಕ್ರಮವನ್ನು ತಾನೇ ಸಾರುವ ಅಬ್ಬರವೇ ಇಲ್ಲೂ ಇದೆ, ಆದರೆ ಒಂದು ಹೆಜ್ಜೆಯೂ ಭಾಗವತರ ತಾಳ ಮೀರುವುದಿಲ್ಲ. ಬಂಗಾಳಿಯಲ್ಲಿ ಗಜಲನ್ನು ಜನಪ್ರಿಯಗೊಳಿಸಿದವರೂ ಇವರೇ. ಕಾಫಿಯಾ, ರದೀಫ್ ಬಲ್ಲ ಭಟ್ಕಳದ ಮುಶಾಯಿರಾ ರಸಿಕರಿಗೆ ಆ ಕೆಲಸದ ಕಷ್ಟ ಗೊತ್ತು.

ನವ್ಯರ ಮೇಲೆ ನನಗೆ ಹಳೆಯ ಸಿಟ್ಟಿರುವುದು ಇಲ್ಲಿಯೇ. ಪ್ರಾಸವೆಂದರೆ ಶಾಲೆಯ ಮಕ್ಕಳ ಪದ್ಯ, ಲಯವೆಂದರೆ ಹಳೆಯ ಜಾಡು ಎಂಬ ತೀರ್ಪು ಬಹಳ ಕಾಲ ನಡೆಯಿತು. ಆ ತೀರ್ಪಿನಿಂದ ಪೆಟ್ಟು ತಿಂದವರಲ್ಲಿ ನಮ್ಮ ದಿನಕರ ದೇಸಾಯಿಯವರೂ ಒಬ್ಬರು. ನಜ್ರುಲರ ಮಾತು ಇಲ್ಲಿಗೆ ನಿಲ್ಲಲಿ. ದಿನಕರರ ಮಾತು ಅದಕ್ಕಿಂತ ತುರ್ತಿನದು.

ಅಂಕೋಲೆಯ ಅಲಗೇರಿಯಲ್ಲಿ 1909ರಲ್ಲಿ ಹುಟ್ಟಿದ ದಿನಕರರನ್ನು ‘ಚುಟುಕು ಬ್ರಹ್ಮ’ ಎಂದು ಕರೆದು ಕೈತೊಳೆದುಕೊಂಡಿದ್ದೇವೆ. ಗೋಖಲೆಯವರ ಭಾರತ ಸೇವಕ ಸಮಾಜ ಸೇರಿ ಮುಂಬಯಿಯಲ್ಲಿ ಹಡಗು ಕೆಲಸಗಾರರನ್ನು ಸಂಘಟಿಸಿದವರು ಅವರು. ಊರಿಗೆ ಬಂದರೆ ಗೇಣಿ ಒಕ್ಕಲಿನ ಗೋಳು. ಭತ್ತ ಅಳೆದುಕೊಟ್ಟ ಮೇಲೆ ಉತ್ತವನ ಮನೆಗೆ ಉಳಿಯುವುದೆಷ್ಟು ಎಂದು ಕೇಳಿ ರೈತರನ್ನು ಒಟ್ಟುಗೂಡಿಸಿದ್ದಕ್ಕೆ ಸರ್ಕಾರ 1940ರಲ್ಲಿ ಅವರನ್ನು ಸ್ವಂತ ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಐದು ವರ್ಷ ಹುಟ್ಟಿದೂರಿಗೆ ಕಾಲಿಡುವಂತಿರಲಿಲ್ಲ. ನಜ್ರುಲರಿಗೆ 1923ರಲ್ಲಿ ‘ಧೂಮಕೇತು’ ಪತ್ರಿಕೆಯ ಪದ್ಯಕ್ಕಾಗಿ ಒಂದು ವರ್ಷ ಸೆರೆಯಾಯಿತು. ಅವರು ಆಮೇಲೆ ‘ಲಾಂಗಲ್’ ಎಂಬ ರೈತ-ಕಾರ್ಮಿಕರ ವಾರಪತ್ರಿಕೆ ನಡೆಸಿದರು. ದಿನಕರರು ‘ಜನಸೇವಕ’ ವಾರಪತ್ರಿಕೆ ನಡೆಸಿದರು. ಇಬ್ಬರ ಹಾದಿಯೂ ಒಂದೇ.

ದಿನಕರರ ಚೌಪದಿಯ ಕಸುಬನ್ನು ಗಮನಿಸಿ. ಎರಡೆರಡು ಸಾಲಿಗೆ ಒಂದು ಪ್ರಾಸ. ಮೊದಲೆರಡು ಸಾಲು ಮನೆಮಾತಿನಂತೆ ಹಗುರವಾಗಿ ನಡೆಯುತ್ತವೆ. ಏಟು ಇರುವುದು ಕೊನೆಯ ಸಾಲಿನಲ್ಲಿ, ಅದೂ ಪ್ರಾಸದ ಅಕ್ಷರದ ಮೇಲೆ. ಓದುಬರಹ ಬಾರದವನೂ ಒಂದು ಸಲ ಕೇಳಿ ಇನ್ನೊಬ್ಬನಿಗೆ ದಾಟಿಸಬಲ್ಲ. ಇಂಥದ್ದನ್ನು ಸುಲಭ ಕಾವ್ಯ ಎನ್ನುವವರು ಒಮ್ಮೆ ಬರೆದು ನೋಡಲಿ. ನಾಲ್ಕೇ ಸಾಲಿನಲ್ಲಿ ಒಂದು ಪದ ಹೆಚ್ಚಾದರೂ ಏಟು ತಪ್ಪುತ್ತದೆ.

1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆಗಳನ್ನು ತೆರೆದದ್ದು, 1967ರಲ್ಲಿ ಪಕ್ಷೇತರರಾಗಿ ಲೋಕಸಭೆಗೆ ಗೆದ್ದದ್ದು ಇಲ್ಲಿ ಎಲ್ಲರಿಗೂ ನೆನಪಿದೆ. ಪದ್ಯಗಳು ಮಾತ್ರ ಸಮಾರಂಭದ ನಿರೂಪಕರ ಪಾಲಾಗಿವೆ. ಅತಿಥಿಗಳು ಬರುವುದು ತಡವಾದರೆ ಒಂದು ಚುಟುಕು, ಒಂದಿಷ್ಟು ನಗು. ಜಿಲ್ಲೆಯ ಕನ್ನಡ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ದಿನಕರರ ಗಡಿಯಾರದ ಪದ್ಯ ಕಲಿಸುವ ದಿನವೇ ಗಡಿಪಾರಿನ ಕಥೆಯನ್ನೂ ಹೇಳಿ. ದೊಡ್ಡ ತರಗತಿಯ ಮಕ್ಕಳಿಗೆ ಚೌಪದಿಗಳನ್ನು ಗಟ್ಟಿಯಾಗಿ, ತಾಳ ಹಾಕಿಯೇ ಓದಿಸಿ.