ಗರ್ಭಕೋಶ ತೆಗೆದರೆ ಮುಗಿಯಿತೇ?

ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಂದರೆ ಹೆದರಬೇಕಾದ್ದಿಲ್ಲ, ಕೋಶ ತೆಗೆಸಿಬಿಟ್ಟರೆ ಮುಗಿಯಿತು ಎಂಬ ಮಾತು ಸಾಮಾನ್ಯ. ಅದು ಪೂರ್ತಿ ಸುಳ್ಳಲ್ಲ. ಬೊಜ್ಜು ಮತ್ತು ಈಸ್ಟ್ರೋಜನ್ ಹೆಚ್ಚಳದೊಂದಿಗೆ ನಂಟಿರುವ ಹೆಚ್ಚಿನ ಗೆಡ್ಡೆಗಳು ನಿಧಾನವಾಗಿ ಬೆಳೆಯುತ್ತವೆ, ರಕ್ತಸ್ರಾವದಿಂದ ಬೇಗ ಪತ್ತೆಯಾಗುತ್ತವೆ. ಅವುಗಳ ಹಣೆಬರಹವನ್ನೇ ಎಲ್ಲ ಬಗೆಗೂ ಬರೆದುಬಿಡುವುದು ತಪ್ಪು.

ಸೀರಸ್ ಕಾರ್ಸಿನೋಮವನ್ನೇ ನೋಡಿ. ಒಳಪದರದ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಸುಮಾರು ಶೇ 10. ಸಾವುಗಳಲ್ಲಿ ಸುಮಾರು ಶೇ 40. ಇದು ಹೆಚ್ಚಾಗಿ ಮುಟ್ಟು ನಿಂತ ಮೇಲೆ, ಸವೆದು ತೆಳುವಾದ ಪದರದಲ್ಲೇ ಹುಟ್ಟುತ್ತದೆ. ಹಾಗಾಗಿ ‘ಸ್ಕ್ಯಾನಿನಲ್ಲಿ ಪದರ ದಪ್ಪವಿಲ್ಲ’ ಎಂಬ ಸಮಾಧಾನ ಇಲ್ಲಿ ಕೈಕೊಡಬಹುದು. ರಕ್ತಸ್ರಾವ ಮರುಕಳಿಸಿದರೆ ಬಯಾಪ್ಸಿ ಬೇಕೇ ಬೇಕು. ಗೆಡ್ಡೆ ಗರ್ಭಕೋಶದೊಳಗೇ ಇರುವಂತೆ ಕಂಡರೂ ಕ್ಯಾನ್ಸರ್ ಜೀವಕೋಶಗಳು ಹೊಟ್ಟೆಯೊಳಗಿನ ಕೊಬ್ಬಿನ ಪದರವಾದ ಒಮೆಂಟಮ್‌ಗೆ, ದುಗ್ಧಗ್ರಂಥಿಗಳಿಗೆ ಆಗಲೇ ಹಬ್ಬಿರಬಹುದು. ಅವನ್ನು ಪರೀಕ್ಷಿಸದೆ ‘ಮೊದಲ ಹಂತ’ ಎನ್ನುವುದು ಅರ್ಧ ಪರೀಕ್ಷೆಯ ಮೇಲೆ ಕೊಟ್ಟ ಪೂರ್ತಿ ತೀರ್ಪು.

ಶಸ್ತ್ರಚಿಕಿತ್ಸೆಯ ನಂತರ ರೇಡಿಯೇಷನ್ ಸಾಕೆಂಬ ನಂಬಿಕೆಯನ್ನೂ ಪೋರ್ಟೆಕ್-3 ಪ್ರಯೋಗ ಅಲುಗಾಡಿಸಿತು. 2019ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ, ಸೀರಸ್ ಬಗೆಯವರ ಪೈಕಿ ರೇಡಿಯೇಷನ್ ಮಾತ್ರ ಪಡೆದವರಲ್ಲಿ ಐದು ವರ್ಷ ಬದುಕಿದ್ದವರು ಶೇ 53ರಷ್ಟು. ಜೊತೆಗೆ ಕಿಮೋವನ್ನೂ ಪಡೆದವರಲ್ಲಿ ಶೇ 71ರಷ್ಟು. ಇಡೀ ಪ್ರಯೋಗದ ಸರಾಸರಿಯಲ್ಲಿ ಲಾಭ ಇಷ್ಟು ದೊಡ್ಡದಾಗಿ ಕಾಣಲಿಲ್ಲ. ಬಗೆಯನ್ನು ಬಿಡಿಸಿ ನೋಡಿದ್ದರಿಂದಲೇ ಅದು ಕಣ್ಣಿಗೆ ಬಿತ್ತು.

ಇನ್ನೊಂದು ತುದಿಯ ನಂಬಿಕೆಯೂ ಅಷ್ಟೇ ಹಾನಿಕರ: ಅಪರೂಪದ, ಉಗ್ರ ಬಗೆ ಎಂದರೆ ಇನ್ನೇನೂ ಉಳಿದಿಲ್ಲ ಎಂಬುದು. ಮೇಲಿನ ಶೇ 71 ಇದಕ್ಕೆ ಮೊದಲ ಉತ್ತರ. ಎರಡನೆಯದು ಹರ್-2 ಪರೀಕ್ಷೆ. ಸೀರಸ್ ಗೆಡ್ಡೆಗಳಲ್ಲಿ ಸುಮಾರು ಮೂರನೇ ಒಂದು ಭಾಗದಲ್ಲಿ ಹರ್-2 ಎಂಬ ಪ್ರೋಟೀನ್ ಅತಿಯಾಗಿರುತ್ತದೆ. ಮುಂದುವರಿದ ಅಥವಾ ಮರುಕಳಿಸಿದ ಅಂಥ ರೋಗಿಗಳಿಗೆ ಕಿಮೋ ಜೊತೆ ಈ ಪ್ರೋಟೀನನ್ನು ಗುರಿಯಾಗಿಸುವ ಟ್ರಾಸ್ಟುಜುಮ್ಯಾಬ್ ಔಷಧ ಕೊಟ್ಟಾಗ, ರೋಗ ಹತೋಟಿಯಲ್ಲಿದ್ದ ಅವಧಿ 8 ತಿಂಗಳಿಂದ 12.6 ತಿಂಗಳಿಗೆ ಏರಿದ್ದನ್ನು 2018ರ ಪ್ರಯೋಗ ತೋರಿಸಿತು. ಪ್ರಯೋಗ ಚಿಕ್ಕದು, ಗೆಲುವೂ ತಿಂಗಳುಗಳ ಲೆಕ್ಕದ್ದು. ಆದರೂ ‘ಏನೂ ಇಲ್ಲ’ ಎನ್ನುವವರಿಗೆ ಅಷ್ಟು ಸಾಕು.

ಸೂಕ್ಷ್ಮದರ್ಶಕದ ನೋಟವೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ನೋಡಲು ಭಯಂಕರವಾದ ಕೆಲವು ಗೆಡ್ಡೆಗಳಲ್ಲಿ ‘ಪೋಲ್’ ಜೀನ್‌ನ ರೂಪಾಂತರ ಇದ್ದರೆ ಗುಣವಾಗುವ ಸಾಧ್ಯತೆ ಬಹಳ ಚೆನ್ನಾಗಿರುತ್ತದೆ. ಪಿ53 ಜೀನ್ ಕೆಟ್ಟಿದ್ದರೆ ಎಚ್ಚರ ಹೆಚ್ಚಬೇಕು. ಹಂತ ನಿರ್ಧರಿಸುವ ಫಿಗೋ ಪದ್ಧತಿಯೂ 2023ರಲ್ಲಿ ಗೆಡ್ಡೆಯ ಬಗೆಯನ್ನು, ಈ ಜೀನ್ ಗುರುತುಗಳನ್ನು ಒಳಗೆ ತಂದುಕೊಂಡಿದೆ. ಹಂತವೊಂದೇ ಭವಿಷ್ಯ ಹೇಳುತ್ತದೆಂಬ ಹಳೆಯ ನಂಬಿಕೆ ಅಲ್ಲಿಗೆ ಮುಗಿದಂತೆ.

ಆದ್ದರಿಂದ ರೋಗಿಯೂ ಮನೆಯವರೂ ‘ಎಷ್ಟನೇ ಹಂತ?’ ಎಂದು ಕೇಳುವ ಮೊದಲು ‘ಯಾವ ಬಗೆ?’ ಎಂದು ಕೇಳಲಿ. ಪಿ53, ಹರ್-2 ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಲಿ. ಪ್ಯಾಥಾಲಜಿ ವರದಿಯ ಪ್ರತಿಯನ್ನು ಕೇಳಿ ಪಡೆದು, ಸ್ತ್ರೀರೋಗ ಕ್ಯಾನ್ಸರ್ ತಜ್ಞರಿಗೆ ತೋರಿಸಿದ ಮೇಲೆಯೇ ಮುಂದಿನ ಚಿಕಿತ್ಸೆ ತೀರ್ಮಾನವಾಗಲಿ.