ಹಳೆಯ ಓರಿಂಗ್ ಎಸೆಯಬೇಡಿ

ಬೇಸಿಗೆಯಲ್ಲಿ ಕಡೂರು, ತರೀಕೆರೆ ಕಡೆಯ ಟ್ರಾಕ್ಟರುಗಳಿಗೆ ಬಿಡುವಿರುವುದಿಲ್ಲ. ಕೆರೆಯ ಗೋಡು ಅಡಿಕೆ ತೋಟ ಸೇರಬೇಕು. ಹೊತ್ತು ಮುಳುಗುವ ವೇಳೆಗೆ ಟ್ರೇಲರಿನ ಜಾಕು ಎಣ್ಣೆ ಕಾರತೊಡಗಿದರೆ ಎಲ್ಲರದೂ ಒಂದೇ ತೀರ್ಪು: ‘ಓರಿಂಗ್ ಹೋಗಿದೆ ಕಣ್ರೀ, ಬೇರೆ ಹಾಕ್ಕೊಡಿ.’

ಅಷ್ಟು ಬೇಗ ತೀರ್ಪು ಬೇಡ. ಮೊದಲು ಒರೆಸಿ, ಆಮೇಲೆ ನೋಡಿ. ರಾಡಿನ ಮೈಗುಂಟ ಎಣ್ಣೆ ಬಂದರೆ ಅದು ರಾಡ್ ಸೀಲಿನ ದೂರು. ರಾಡಿನ ಕ್ರೋಮ್ ಗೀರಿದ್ದರೆ ಯಾವ ಹೊಸ ಸೀಲೂ ಹೆಚ್ಚು ದಿನ ಬಾಳದು. ಗ್ಲ್ಯಾಂಡ್ ಮತ್ತು ಬ್ಯಾರಲ್ ಕೂಡುವಲ್ಲಿ ಜಿನುಗಿದರೆ ಮಾತ್ರ ಓರಿಂಗನ್ನು ಹಿಡಿಯಿರಿ. ಹೊರಗೆ ಹನಿಯೂ ಇಲ್ಲದೆ ಟ್ರೇಲರ್ ಮೆಲ್ಲಗೆ ಇಳಿಯುತ್ತಿದೆಯೇ? ಒಂಟಿ ಹೋಸಿನ ಜಾಕಾದರೆ ಬಿಚ್ಚಬೇಡಿ, ಟ್ರಾಕ್ಟರಿನ ವಾಲ್ವ್ ನೋಡಿ. ಎರಡು ಹೋಸಿನ ಜೆಸಿಬಿ ಸಿಲಿಂಡರಿನಲ್ಲಿ ಪಿಸ್ಟನ್ ಸೀಲಿನ ಮೇಲೂ ಅನುಮಾನ ಇರಲಿ. ಎತ್ತಿದ ಟ್ರೇಲರಿಗೆ ಗಟ್ಟಿ ಊರೆ ಕೊಡದೆ ಕೆಳಗೆ ತಲೆ ಹಾಕಬೇಡಿ. ಸೋರುವ ಜಾಗವನ್ನು ಬೆರಳಿನಿಂದ ತಡಕಲೂಬೇಡಿ. ನೂರಾರು ಬಾರ್ ಒತ್ತಡದ ಎಣ್ಣೆ ಸೂಜಿಯಂತೆ ಚರ್ಮದೊಳಗೆ ಇಳಿಯುತ್ತದೆ; ನೋವಿಲ್ಲವೆಂದು ಮನೆಗೆ ಹೋದವರೂ ಬೆರಳು ಕಳೆದುಕೊಳ್ಳಬಹುದು. ರಟ್ಟಿನ ತುಂಡು ಹಿಡಿದು ನೋಡಿ.

ನನಗೆ ಖುಷಿ ಕೊಡುವುದು ಬಿಚ್ಚಿದ ಮೇಲಿನ ಕೆಲಸ. ಹಳೆಯ ಓರಿಂಗಿಗಿಂತ ನಿಜ ಹೇಳುವ ಸಾಕ್ಷಿ ಇನ್ನೊಂದಿಲ್ಲ. ದುಂಡಗಿದ್ದದ್ದು ಚಪ್ಪಟೆಯಾಗಿ ಹಾಗೇ ಉಳಿದಿದ್ದರೆ ಕಾವು, ಇಲ್ಲವೇ ವಯಸ್ಸು. ಅಂಚನ್ನು ಇಲಿ ಕಡಿದಂತಿದ್ದರೆ ಸಂದು ದೊಡ್ಡದಾಗಿದೆ, ಒತ್ತಡ ರಬ್ಬರನ್ನು ಅದರೊಳಗೆ ನೂಕಿದೆ. ಅಲ್ಲಿಗೆ ಬ್ಯಾಕಪ್ ರಿಂಗ್ ಬೇಕು. ಒಂದೇ ಕಡೆ ಚೊಕ್ಕಟವಾಗಿ ಕೊಯ್ದಿದ್ದರೆ ತಪ್ಪು ನಮ್ಮದೇ: ಕೂರಿಸುವಾಗ ಥ್ರೆಡ್ಡಿನ ಮೊನೆ ತಾಗಿದೆ. ಥ್ರೆಡ್ಡಿಗೆ ಟೇಪು ಸುತ್ತಿ, ಎಣ್ಣೆ ಸವರಿ ದಾಟಿಸಬೇಕಿತ್ತು. ಮೆತ್ತಗೆ ಊದಿಕೊಂಡಿದ್ದರೆ ರಬ್ಬರಿನ ಜಾತಿಯೇ ಬೇರೆ. ಹೈಡ್ರಾಲಿಕ್ ಎಣ್ಣೆಗೆ ಒಗ್ಗುವುದು ನೈಟ್ರೈಲ್. ಬ್ರೇಕ್ ಆಯಿಲಿಗೆಂದು ಮಾಡಿದ ಇಪಿಡಿಎಂ ರಬ್ಬರ್ ಇದರಲ್ಲಿ ಉಬ್ಬಿಹೋಗುತ್ತದೆ. ನೋಡಲು ಎರಡೂ ಕಪ್ಪು.

ಡೆನ್ಮಾರ್ಕ್ ಮೂಲದ ನೀಲ್ಸ್ ಕ್ರಿಸ್ಟೆನ್ಸನ್ ಅಮೆರಿಕೆಯಲ್ಲಿ ಓರಿಂಗಿಗೆ ಪೇಟೆಂಟ್ ಪಡೆದದ್ದು 1939ರಲ್ಲಿ. ಆತನ ಜಾಣತನವಿದ್ದದ್ದು ಬರೀ ಉಂಗುರದಲ್ಲಲ್ಲ, ಅದು ಕೂರುವ ಗ್ರೂವಿನಲ್ಲಿ. ಅಳತೆ ಸರಿಯಿದ್ದರೆ ಎಣ್ಣೆಯ ಒತ್ತಡವೇ ಉಂಗುರವನ್ನು ಸಂದಿಗೆ ಅದುಮಿ ಬಿಗಿ ಮಾಡುತ್ತದೆ. ಹೀಗಿರುವಾಗ ರಬ್ಬರ್ ದಾರ ಕತ್ತರಿಸಿ ಫೆವಿಕ್ವಿಕ್ಕಿನಲ್ಲಿ ಅಂಟಿಸಿ ಜಾಕಿಗೆ ತೊಡಿಸುವ ಕಸುಬು ನನಗಂತೂ ಹಿಡಿಸದು. ಬೆಸುಗೆ ಬಿಟ್ಟ ದಿನ ಉಳಿತಾಯವೆಲ್ಲ ಎಣ್ಣೆಯ ಪಾಲು.

ಅಜ್ಜಂಪುರದಲ್ಲಿ ಭದ್ರಾ ಮೇಲ್ದಂಡೆ ಯೋಜನೆಯ ಸುಮಾರು 7 ಕಿ.ಮೀ. ಸುರಂಗ, ಅದರಾಚೆಯ ಕಾಲುವೆ ಎಂದು ಹಿಟಾಚಿಗಳು ದುಡಿದ ನೆಲದಲ್ಲಿ ಧೂಳು ಎಷ್ಟೆಂದು ಹೇಳಬೇಕಿಲ್ಲ. ಆ ಧೂಳನ್ನು ರಾಡಿನಿಂದ ಕೆರೆದು ಹಾಕುವುದು ತುದಿಯ ವೈಪರ್. ಸೀಲ್ ಕಿಟ್ ಬದಲಿಸುವಾಗ ಅದೊಂದನ್ನು ‘ಇನ್ನೂ ಚೆನ್ನಾಗಿದೆ’ ಎಂದು ಉಳಿಸಬೇಡಿ.

ಅಂಗಡಿಗೆ ಊದಿದ ಉಂಗುರ ಒಂದನ್ನೇ ಒಯ್ದರೆ ಊದಿದ ಅಳತೆಯದೇ ಸಿಗುತ್ತದೆ. ಗ್ಲ್ಯಾಂಡನ್ನೂ ಚೀಲಕ್ಕೆ ಹಾಕಿಕೊಳ್ಳಿ, ವರ್ನಿಯರ್ ಇಟ್ಟು ಗ್ರೂವ್ ಅಳೆಯುವ ಅಂಗಡಿಗೇ ಹೋಗಿ.